ಪೇಪರಿನ್ಯಾಗ ಬರದ ನೀರು

"ಸುಳ್ಳ ಹೇಳಬ್ಯಾಡಲೇ! ನಮ್ಮ ಮಾಯಾಕ್ಕ? ಆ ಪೇಪರಿಗೆಲ್ಲಾ ಆಕೀನ ದೊಡ್ಡಾಕಿ?" ಯಮನವ್ವ ನಂಬಲಿಲ್ಲ.

"ಖರೇನ! ಎಂ.ಡಿ. ಅಂತ. ಬರ್ರಿ, ಇಲ್ಲೇ ಐತಿ ನೋಡ್ರಿ!"

ಗೌಡನ ಕಬ್ಬಿನ್ಯಾಗ ಕಸಾ ತಗ್ಯಾಕತ್ತಿದ್ದ ಹೆಂಗಸರೆಲ್ಲಾ ಕುರಪಿ ಒಗದು ನನ್ನ ಮೊಬೈಲಿಗೆ ಮುಕರಿದ್ರು. ಮಾಯಾಕ್ಕನ ಅವ್ವ ಸತ್ತೆವ್ವ ಮಾತ್ರ ಕುಂತಲ್ಲಿಂದ ಏಳಲಿಲ್ಲ.

"ಆಕಿ ದೊಡ್ಡಾಕಿ ಆದ್ರ ನಮ್ಮ ಕೇರಿಗೆ ನೀರ ಬರತೈತೇನ?"

ವಾರದ ಹಿಂದ ನಮ್ಮ ಪೈಪ್ ಒಡದಿತ್ತು ಅಂತ ಯಮನವ್ವ ಗೌಡನ ಮನಿ ಮುಂದಿನ ನಳಕ್ಕ ಕೊಡಾ ಹಿಡದಿದ್ಲು. ಅಷ್ಟಕ್ಕ ಗುರುಲಿಂಗಪ್ಪ ಗೌಡ ಊರ ಟಾಕಿಯಿಂದ ನಮ್ಮ ಕೇರಿಗೆ ಬರೂ ನೀರಿನ ವಾಲ್ವಿಗೆ ಕೀಲಿ ಜಡದ. ಪೈಪ್ ರಿಪೇರಿ ಆದ್ರೂ ತಗದಿಲ್ಲ. ಈಗ ಹಳ್ಳದ ನೀರ ಕುಡದು ಸಣ್ಣ ಹುಡುಗರಿಗೆಲ್ಲಾ ಭೇದಿ ಹತ್ತೈತಿ.

ಅಷ್ಟರಾಗ ಗೌಡನ ಬುಲೆಟ್ ಬದುವಿಗೆ ಬಂತು.

"ಏನ್ರೇ ರಂಡೇರ್ಯಾ, ಮೊಬೈಲ್ ನೋಡಾಕ ಕರದೇನೇನ ನಿಮ್ನ?" ಸತ್ತೆವ್ವನ ಕಂಡಕೂಡ್ಲೆ ದನಿ ಬೆಣ್ಣಿ ಆತು. "ಸತ್ತೆವ್ವಾ, ಮಗಳು ಊರ ಹೆಸರ ತಂದ್ಲು ಬಿಡು. ರವಿವಾರ ನಮ್ಮ ವಾಡೇದಾಗ ಆಕಿಗೆ ಸನ್ಮಾನ. ಫೋನ್ ಹಚ್ಚಿ ಹೇಳು. ನೀನೂ ಬಾ, ಹಿತ್ತಲಾಗ ಉಣ್ಣಾಕ ಹಾಕಸ್ತೇನಿ."

"ಗೌಡ್ರ, ಆ ಕೀಲಿ...?" ಸತ್ತೆವ್ವ ಕೇಳಿದ್ಲು.

"ಮೈಲಿಗಿ ಮಾಡಿದೀರಲ್ಲ, ಇನ್ನಷ್ಟ ಒಣಗ್ರಿ."

ನಕ್ಕೋತ ಹೋದ. ನಾ ತಡೀಲಿಲ್ಲ, ಅಲ್ಲೇ ಮಾಯಾಕ್ಕಗ ಫೋನ್ ಹಚ್ಚಿ ಸ್ಪೀಕರ್ ಇಟ್ಟೆ. ಹುಕ್ಕೇರ್ಯಾಗ ಹಳೇ ಸ್ಕೂಟಿ ಮ್ಯಾಲ ಜಾಹೀರಾತು ಕೇಳ್ಕೋತ ಗೌಡ್ರ ಮನಿ ಮನಿ ತಿರಗಿದಾಕಿ ಆಕಿ. ಅವರ ಬರ್ತಡೇಕ್ಕ ಪೂರಾ ಪುಟ ತಂದು ತಂದು ಬೆಳಗಾವಿ ಆಫೀಸ್ ಏರಿದ್ಲು. ಈಗ ಸಂಪಾದಕರೂ ಆಕೀನ ಕಂಡ್ರ ಎದ್ದ ನಿಲ್ಲತಾರಂತ.

ಸತ್ತೆವ್ವ ಹೇಳಿದ್ದೆಲ್ಲಾ ಕೇಳಿ ಮಾಯಾಕ್ಕ ಅಂದ್ಲು, "ಅವ್ವಾ, ಅಲ್ಲಿ ನಮ್ಮ ವರದಿಗಾರಗ ಹೇಳು. ಬರದ ಕಳಿಸಿದ್ರ ಹಾಕಸ್ತೇನಿ."

ಯಮನವ್ವ ಬಿದ್ದು ಬಿದ್ದು ನಕ್ಕಳು.

"ಅಕ್ಕಾ, ನಿಮ್ಮ ವರದಿಗಾರ ಓಂಕಾರ, ಈ ಗೌಡನ ಅಳಿಯ!" ನಾ ಚೀರಿದೆ. "ಮೊನ್ನೆ ಅವನ ಬರದಾನ, ಗೌಡ್ರು ಊರಿಗೆ ನೀರು ಕೊಟ್ಟ ಆಧುನಿಕ ಭಗೀರಥ ಅಂತ. ನೀವ ಹಾಕೀರಿ!"

ಮಾಯಾಕ್ಕ ದನಿ ಇಳಿಸಿದ್ಲು.

"ನೋಡವ್ವಾ... ಗೌಡ್ರು ದೊಡ್ಡ ಜಾಹೀರಾತು ಕೊಡ್ತಾರ. ನಾ ಈ ಕುರ್ಚಿಗೆ ಬಂದು ಇನ್ನೂ..."

"ನಿನ್ನ ಕುರ್ಚಿಗೆ ಬೆಂಕಿ ಹಚ್ಚಲಿ!" ಸತ್ತೆವ್ವ ಫೋನ್ ಕಸಗೊಂಡ್ಲು. "ಸನ್ಮಾನಕ್ಕ ಬಂದಿ ಅಂದ್ರ ನನಗ ಮಾರಿ ತೋರಸಬ್ಯಾಡ. ಬರೂದಿದ್ರ ನಾಳೆ ಬಾ. ಖಾಲಿ ಕೊಡಾ ನಡಕ್ಕ ಇಟಗೊಂಡು ಗೌಡನ ಮನಿ ಮುಂದಿನ ನಳಕ್ಕ ನಮ್ಮ ಜೋಡಿ ಸಾಲಿನ್ಯಾಗ ನಿಲ್ಲು. ಅದನ್ನ ಹಾಕು ನಿನ್ನ ಪೇಪರಿನ್ಯಾಗ."

ಫೋನ್ ಇಟ್ಟಳೇನ ಅಂತ ಯಮನವ್ವ ನನಗ ಕೈಸನ್ನಿ ಮಾಡಿದ್ಲು.

"ಅವ್ವಾ... ಎಷ್ಟ ಗಂಟೆಕ್ಕ?"

"ಎಂಟಕ್ಕ. ನೀ ಬರಲಿಲ್ಲಂದ್ರೂ ನಾವು ನಿಂತಿರ್ತೇವಿ."