ಇಲ್ಲದ ಯಜಮಾನಿಗೊಂದು ಅಂಗಿ

ಬೇಸಿಗೆ ರಜೆ ಬಂತೆಂದರೆ ನಮ್ಮ ಹಾಸ್ಟೆಲ್ಲಿಗೆ ಬೀಗ ಹಾಕುತ್ತಾರೆ. ಸುಣ್ಣ ಬಳಿಯಬೇಕಂತೆ. ಒಳಗಿದ್ದವರು ಎಲ್ಲಿಗೆ ಹೋಗಿ ಸಾಯಬೇಕು ಎಂದು ಕೇಳುವವರು ಯಾರೂ ಇಲ್ಲ. ನನಗೋ ಪ್ರಯೋಗಾಲಯದಲ್ಲಿ ರಜೆಯ ಕೆಲಸ ಸಿಕ್ಕಿತ್ತು; ರೂಮು ಮಾತ್ರ ಸಿಗಲಿಲ್ಲ. ಒಬ್ಬ ಮಹಾನುಭಾವ ಮೆಟ್ಟಿಲ ಕೆಳಗಿನ ಗೂಡು ತೋರಿಸಿ, ನನ್ನ ಸಂಬಳಕ್ಕಿಂತ ಹೆಚ್ಚು ಬಾಡಿಗೆ ಹೇಳಿದ. ನಿಂತರೆ ತಲೆ ತಾಗುತ್ತಿತ್ತು. "ಓದೋರು ಕೂತ್ಕೊಂಡೇ ಇರ್ತೀರಲ್ಲ" ಎಂದ. ಅವನ ಮನೆ ಹಾಳಾಗ!

ಅಮ್ಮ ದರ್ಜಿ. ಅಂಗಡಿಯ ಹಿಂದಿನ ಒಂದೇ ಕೋಣೆ ನಮ್ಮ ಮನೆ. ಎರಡು ಮಂಚ ಹಾಕಿದರೆ ನಡುವೆ ಕಾಲಿಡಲೂ ಜಾಗವಿಲ್ಲ. ರೂಮು ಸಿಗುತ್ತಿಲ್ಲವೆಂದು ಬಾಯಿಬಿಟ್ಟರೆ ಸಾಕು, ಹೊಲಿಗೆ ಮಿಷನ್ ಮಾರಿ ಮುಂಗಡ ಕಟ್ಟುವ ಪೈಕಿ ಅವಳು. ಅದಕ್ಕೇ ಫೋನಿನಲ್ಲಿ, "ಸಿಕ್ತಮ್ಮ! ಯಜಮಾನಿ ಒಂಟಿ ಹೆಂಗಸು, ದೇವರಂಥವರು. ಊಟಾನೂ ಹಾಕ್ತಾರೆ" ಎಂದು ಬೊಗಳೆ ಬಿಟ್ಟಿದ್ದೆ.

ಹಾಸ್ಟೆಲ್ಲಿಗೆ ಬೀಗ ಬಿತ್ತು. ಕೆಲಸ ಹಾಳಾಗಿ ಹೋಗಲಿ, ಮನೆಯಲ್ಲಿ ನನ್ನ ಮಂಚ ಇದೆಯಲ್ಲ ಎಂದುಕೊಂಡು ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದೆ. ನಿಜ ಹೇಳಿ ಅಮ್ಮನ ಮಡಿಲಲ್ಲಿ ಅತ್ತುಬಿಡಬೇಕೆನಿಸಿತ್ತು.

ನನ್ನ ಮಂಚದ ಮೇಲೆ ಯಾವುದೋ ಹುಡುಗಿ ಕೂತು ಓದುತ್ತಿದ್ದಳು.

"ಹೇಳದೆ ಕೇಳದೆ ಬಂದ್ಬಿಟ್ಯಲ್ಲೇ!" ಅಮ್ಮನ ಮುಖ ಅರಳಿತು. ಆಮೇಲೆ ನನ್ನನ್ನು ಮಿಷನ್ ಪಕ್ಕಕ್ಕೆ ಎಳೆದುಕೊಂಡು ಪಿಸುಗುಟ್ಟಿದಳು: "ನರ್ಸಿಂಗ್ ಓದೋ ಮಗು ಕಣೇ. ಇವಳ ಹಾಸ್ಟೆಲ್ಲೂ ಮುಚ್ಚಿದ್ರಂತೆ. ಅಂಗಡಿ ಮುಂದೆ ಪೆಟ್ಟಿಗೆ ಇಟ್ಕೊಂಡು ಅಳ್ತಾ ಕೂತಿತ್ತು. ನಿನ್ನನ್ನ ಯಾರೋ ಪುಣ್ಯಾತ್ಗಿತ್ತಿ ಮಗಳ ಹಾಗೆ ನೋಡ್ಕೊಳ್ತಿರುವಾಗ ನಾನು ಇವಳನ್ನ ಬೀದೀಲಿ ಬಿಡೋಕಾಗುತ್ತಾ? ಬಾಡಿಗೆ ಬೇಡ, ರಜೆ ಮುಗಿಯೋವರೆಗೂ ಇರು ಅಂದೆ."

ನಾನು ಚೀಲ ಕೆಳಗಿಟ್ಟೆ. ಹುಡುಗಿ ಗಾಬರಿಯಿಂದ ಎದ್ದು, "ಅಕ್ಕಾ, ನೀವು ಇಲ್ಲೇ ಇರ್ತೀರಾ? ನಾನು ಬೇರೆ ಕಡೆ ನೋಡ್ಕೋತೀನಿ" ಎಂದಳು. ಎಲ್ಲಿ ನೋಡಿಕೊಳ್ಳುತ್ತಾಳೆ, ಪಾಪ? ನಾನು ನೋಡಿ ಬಂದಿರಲಿಲ್ಲವೇ! ನಾನು ಉಳಿದರೆ ಅಮ್ಮ ತನ್ನ ಮಂಚ ಬಿಟ್ಟುಕೊಟ್ಟು ಬೇಸಿಗೆಯಿಡೀ ಕುರ್ಚಿಯಲ್ಲೇ ಮಲಗುತ್ತಾಳೆ.

"ಇಲ್ಲ ಕಣೇ, ಅಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದೆ.

"ಮತ್ತೆ ಇಷ್ಟು ದೊಡ್ಡ ಚೀಲ?" ಎಂದಳು ಅಮ್ಮ.

"ಪುಸ್ತಕ."

ಊಟ ಮುಗಿಸಿ ನಾನು ಕೈ ತೊಳೆಯುವಷ್ಟರಲ್ಲಿ ಅಮ್ಮ ಹೂವಿನ ಬಟ್ಟೆ ಹರಡಿ ಕತ್ತರಿ ಹಿಡಿದಿದ್ದಳು. ಉಪಕಾರ ಮಾಡಿದವರಿಗೆ ಏನಾದರೂ ಹೊಲಿದು ಕೊಡದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ನಿಮ್ಮ ಯಜಮಾನಿಗೊಂದು ಅಂಗಿ. ಅಳತೆ ಹೇಳು. ದಪ್ಪಾನಾ, ಸಣ್ಣಾನಾ?"

ನನ್ನ ಕಣ್ಣ ಮುಂದೆ ಬೇರೆ ಯಾವ ಹೆಂಗಸೂ ಬರಲಿಲ್ಲ.

"ನಿನ್ನಷ್ಟೇ ಇದ್ದಾರಮ್ಮ."

"ತೋಳು?"

"ನಿನ್ನ ಹಾಗೇ."

ಮಿಷನ್ ಸದ್ದಿನಲ್ಲಿ ನಾನು ಅತ್ತಿದ್ದು ಯಾರಿಗೂ ಕೇಳಿಸಲಿಲ್ಲ. ಹೊಲಿದು ಮುಗಿಸಿದವಳು ಅಂಗಿಯನ್ನು ತನ್ನ ಮೈಗೇ ಹಿಡಿದು ನೋಡಿದಳು. ತನಗೆಂದು ಅವಳು ಹೊಸದೊಂದು ಹೊಲಿದುಕೊಂಡಿದ್ದು ನನಗೆ ನೆನಪೇ ಇಲ್ಲ. ಎಷ್ಟು ಚೆನ್ನಾಗಿ ಒಪ್ಪಿತ್ತು!

"ನೀನೇ ಇಟ್ಕೊಳ್ಳಮ್ಮ" ಎಂದೆ.

"ಹುಚ್ಚಿ! ಆಮೇಲೆ ಅವರ ಋಣ ಹೇಗೇ ತೀರಿಸ್ಲಿ?" ಎಂದು ಮಡಚಿ ನನ್ನ ಚೀಲಕ್ಕೆ ತುರುಕಿದಳು. "ಹೊರಡು, ಕತ್ತಲಾಗೋದ್ರೊಳಗೆ ಮನೆ ಸೇರ್ಕೋ. ತಡ ಆದ್ರೆ ಪಾಪ, ಬಾಗಿಲಲ್ಲೇ ಕಾಯ್ತಾ ನಿಂತಿರ್ತಾರೆ."

ಹೂಂ ಎಂದು ಹೊರಟೆ. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದೆ. ಅಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದಳು.