ಮಣ್ಣಿಗೆ ಬಂದವ

ಮಣ್ಣು ಹಾಕಲು ಬಾಗಿದ ಶಬ್ಬೀರನ ಕೈಯನ್ನು ಗುರುಲಿಂಗಪ್ಪ ಗಪ್ಪನೆ ಹಿಡಿದ.

"ನೀ ಹಾಕಬ್ಯಾಡ. ನನ್ನ ಅಣ್ಣನ ಮಗಗ ಅಫೀಮಿನ ಚಟಾ ಹಚ್ಚಿದಾಂವ ನೀನ. ಈಗ ಮಣ್ಣಿಗಿ ಬಂದೀ ಏನು?"

ಕಮಲಾಪುರದ ಆ ಹೊಲದಂಚಿನಲ್ಲಿ ನೆರೆದವರೆಲ್ಲ ತಲೆಯಾಡಿಸಿದರು. ಕುಣಿಯಲ್ಲಿ ಸಾಯಬಣ್ಣನ ಹೆಣವನ್ನು ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿದ್ದರು. ಮೂವತ್ತು ತುಂಬಿರಲಿಲ್ಲ, ನೋಡಿದರೆ ಅರವತ್ತರ ಮುದುಕ. ಶಬ್ಬೀರನೇ ಗೆಳೆಯನನ್ನು ಕೆಡಿಸಿದನೆಂದು ಊರು ಹತ್ತು ವರ್ಷದಿಂದ ಆಡುತ್ತಿತ್ತು. ಬೈಯಲು ಒಬ್ಬ ಸಿಕ್ಕರೆ ಊರಿಗೆ ಅಷ್ಟೇ ಸಾಕು. ತಾಯಿಯಿಲ್ಲದ ತಮ್ಮನನ್ನು ಸಾಕಿದ ಅಕ್ಕ ಕಸ್ತೂರಿಬಾಯಿ ಹೌದೆಂದವಳಲ್ಲ, ಅಲ್ಲವೆಂದವಳೂ ಅಲ್ಲ. ಶಬ್ಬೀರ ಬಂದಾಗ ಬಾಗಿಲು ಮಾತ್ರ ಹಾಕಿಕೊಳ್ಳುತ್ತಿದ್ದಳು.

* * *

ಆಗ ಸಾಯಬಣ್ಣನಿಗೆ ಹದಿನೆಂಟು. ಅವನ ಉರ್ದು ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಲಬುರಗಿಯ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಮುನ್ಷಿ ನೌಕರಿಗೆ ಪರೀಕ್ಷೆಯಿತ್ತು. ಅಕ್ಕ ತಮ್ಮ ಅಲ್ಲಿನ ಶಹಾಬಜಾರದ ಬೀಗರ ಮನೆಯಲ್ಲಿ ಇಳಿದಿದ್ದರು. ಬೆಳಗಾಗುತ್ತಲೇ ಹೆದರಿಕೆಗೆ ಹುಡುಗನ ಹೊಟ್ಟೆ ಕೆಟ್ಟಿತು. ನಾಲ್ಕು ಸಲ ತಂಬಿಗೆ ಹಿಡಿದು ಓಡಿದ.

"ಅಕ್ಕಾ, ಅಲ್ಲಿ ಹೆಂಗ ಕುಂದರಲಿ?"

"ಎಳ್ಳಿನಷ್ಟು ಅಫೀಮು ತಿನ್ನು, ಹೊಟ್ಟಿ ಕಟ್ಟತದ. ಅವ್ವ ಕೂಸುಗಳಿಗೂ ಕೊಡತಿದ್ದಳಲ್ಲ."

ಹೊಟ್ಟೆ ಕಟ್ಟಿತು, ಹೆದರಿಕೆಯೂ ಹೋಯಿತು. ಎಲ್ಲರಿಗಿಂತ ಮೇಲೆ ಬಂದು ನೌಕರಿ ಹಿಡಿದ. ಆದರೆ ಅಂದಿನಿಂದ ಅದಿಲ್ಲದೆ ಲೇಖನಿ ಮುಟ್ಟುವ ಧೈರ್ಯ ಅವನಿಗೆ ಬರಲೇ ಇಲ್ಲ. ಎಳ್ಳು ಹೋಗಿ ಕಡಲೆಯಾಯಿತು. ನಾಲ್ಕನೆಯ ವರ್ಷ, ಕೈ ನಡುಗಿ ಸರಕಾರಿ ಕಾಗದದ ಮೇಲೆ ಮಸಿ ಚೆಲ್ಲಿ, ನೌಕರಿ ಕಳೆದುಕೊಂಡು ಮನೆಗೆ ಬಂದ. ನಿಶ್ಚಯವಾಗಿದ್ದ ಹೆಣ್ಣಿನವರೂ ಬೇರೆ ಕಡೆ ನೋಡಿಕೊಂಡರು.

* * *

"ಕಾಕಾ, ಅವನ ಕೈ ಬಿಡ್ರಿ," ಎಂದಳು ಕಸ್ತೂರಿಬಾಯಿ. "ಮೊದಲ ಕೊಟ್ಟಾಕಿ ನಾನರಿ. ಪರೀಕ್ಷಾ ದಿನ, ನನ್ನ ಕೈಯಾರೆ."

ಗುರುಲಿಂಗಪ್ಪನ ಹಿಡಿತ ಸಡಿಲಾಯಿತು.

"ನನಗ ಗೊತ್ತಿತ್ತು ಅಕ್ಕಾ," ಶಬ್ಬೀರ ತಲೆಯೆತ್ತದೆ ಹೇಳಿದ. "ಅಕ್ಕನ ಹೆಸರು ಎತ್ತಬ್ಯಾಡ ಅಂತ ಅಂವಾ ನನ್ನಿಂದ ಕಸಮ್, ಆಣಿ ತಗೊಂಡಿದ್ದ."

ಕಸ್ತೂರಿಬಾಯಿ ಕುಣಿಯಲ್ಲಿದ್ದ ತಮ್ಮನ ಮುಖ ನೋಡಿದಳು. ತಮ್ಮ ತನ್ನನ್ನು ಕಾಪಾಡಿದ, ಇವನೂ ಕಾಪಾಡಿದ. ತಾನು ಮಾತ್ರ ಯಾರನ್ನೂ ಕಾಪಾಡಲಿಲ್ಲ.

ಶಬ್ಬೀರ ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದ. ಈಗ ಅವಳು ಬಾಗಿ ಬೊಗಸೆ ತುಂಬಿಕೊಂಡಳು. ಹಾಕು ಎಂದು ಯಾರೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೆಂಪು ಮಣ್ಣು ಬೆರಳ ಸಂದಿಯಿಂದ ಅವಳ ಪಾದದ ಮೇಲೆಯೇ ಸುರಿಯತೊಡಗಿತು.