ನಲವತ್ತೂ ವಿನ್ನಿಗೆ

ರೈಲಿನ ಕಿಟಕಿಯಿಂದ ಮಸಿ ಬಂದು ಕಣ್ಣಿಗೆ ಬಿತ್ತು, ಉಜ್ಜಿದಷ್ಟೂ ಉರಿ, ಉರಿಯಲಿ, ಈ ಕಣ್ಣಿಗೆ ಇದೇ ಆಗಬೇಕು, ನಿನ್ನೆ ಮೈಸೂರಿನ ರೇಸಿನಲ್ಲಿ ರೆಡ್ ಪೆಪ್ಪರ್ ಕುದುರೆ ಸೋತದ್ದನ್ನು ನೋಡಿದ್ದು ಇದೇ ಕಣ್ಣು — ಒಂದು ಕತ್ತಿನಷ್ಟು ಹಿಂದೆ, ಅಷ್ಟೇ — ಎರಡನೆಯದಾಗಿ ಬಂತು, ಬಂದು ನನಗೇನು, ನಾನು ಕಟ್ಟಿದ್ದು ಗೆದ್ದರೆ ಮಾತ್ರ ಎಂದು, ನಲವತ್ತು ರೂಪಾಯಿಗೆ ನಲವತ್ತೂ ವಿನ್ನಿಗೆ. ಎದುರಿಗೆ ಬೂವನಹಳ್ಳಿ ಬೋರಪ್ಪ ಕಡಲೆಕಾಯಿ ಸುಲಿಯುತ್ತಿದ್ದಾನೆ, ಮುಖದಲ್ಲಿ ಒಂದು ಚೂರು ಬೇಸರವಿಲ್ಲ, ಇವನ ಬಾಯಿಗೆ ಮಣ್ಣು ಹಾಕ, ಇವನೇ ಅಲ್ಲವೆ ಹೇಳಿದ್ದು, ಈಚ್‌ವೇ ಅನ್ನಾದು ಎಂಗುಸ್ರಾಟ ಕಣಯ್ಯ ರುದ್ರಯ್ಯ, ಅರ್ಧ ಗೆಲ್ಲಾಕೆ, ಇನ್ನರ್ಧ ಎರಡ್ನೇದೋ ಮೂರ್ನೇದೋ ಬಂದ್ರೂ ಸಾಕು ಅಂತ ಪ್ಲೇಸಿಗೆ, ಅಷ್ಟು ಎದ್ರಿಕೆ ಇದ್ದೋನು ರೇಸಿಗ್ಯಾಕ್ ಬರಬೇಕು. ಅವನು ಅಂದ, ನಾನು ಮೀಸೆ ತಿರುವಿದೆ.

ಆ ನಲವತ್ತು ನನ್ನದಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು, ಅವ್ವನ ಕರಡಿಗೆ ಅದು, ಅಪ್ಪ ಮದುವೆಯಲ್ಲಿ ಮಾಡಿಸಿಕೊಟ್ಟ ಬೆಳ್ಳಿ ಕರಡಿಗೆ, ಅಂದಿನಿಂದ ಅವಳ ಎದೆಯ ಮೇಲೆ ಲಿಂಗ ಕಾದದ್ದು, ಮುಚ್ಚಳ ಸಡಿಲವಾಗಿದೆ, ಮೈಸೂರಲ್ಲಿ ಬಿಗಿ ಮಾಡಿಸಿ ತರ್ತೀನಿ ಕೊಡವ್ವ ಅಂದೆ, ಅನ್ನುವಾಗ ನಾಲಗೆ ತಡವರಿಸಲೂ ಇಲ್ಲ — ಅವಳು ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ನಾಳಿದ್ದೇ ತಂದ್ಬುಡು ಮಗ, ಬಟ್ಟೇಲಿ ಎಲ್ಲಿ ಜಾರ್ತದೋ ಅಂತ ನಿದ್ದೆ ಬರಾಕಿಲ್ಲ ನಂಗೆ, ಅಂದಳು. ನಾಳಿದ್ದು ಅಂದರೆ ಇವತ್ತು. ಕರಡಿಗೆ ನಲವತ್ತಕ್ಕೆ ಮೈಸೂರಿನ ಗಿರವಿ ಅಂಗಡಿಯ ಪೆಟ್ಟಿಗೆಯಲ್ಲಿದೆ, ಇಡುವಾಗ ಈ ಬೋರಪ್ಪನೂ ಪಕ್ಕದಲ್ಲೇ ನಿಂತಿದ್ದ. ಯಾಕೆ ಇಟ್ಟೆ, ಚನ್ನರಾಯಪಟ್ಟಣದಲ್ಲಿ ಭಾವ ಈಶ್ವರಯ್ಯನ ಕೊಬ್ಬರಿ ಮಂಡಿಯಲ್ಲಿ ಹನ್ನೊಂದು ವರ್ಷ ತಕ್ಕಡಿ ಹಿಡಿದು ಸಾಕಾಗಿತ್ತು, ಬಂದವರ ಮುಂದೆಲ್ಲ ಇವನು ನಮ್ಮ ಮನೇಲಿ ಉಂಡ್ಕೊಂಡಿರೋನು ಅಂತ ಭಾವ ಅನ್ನುವುದನ್ನು ಕೇಳಿ ಸಾಕಾಗಿತ್ತು, ಕುದುರೆಗೆ ಒಂದಕ್ಕೆ ಹತ್ತು, ಗೆದ್ದರೆ ನಾನೂರು, ನನ್ನದೇ ಒಂದು ಸಣ್ಣ ಮಂಡಿ, ಆಮೇಲೆ ಭಾವ ಬಂದು ನನ್ನ ಜಗಲಿಯ ಮೇಲೆ ಕೂರಲಿ. ಬುಕ್ಕಿ ಕೇಳಿದ, ಈಚ್‌ವೇನಾ ಸ್ವಾಮಿ, ಮರ್ಯಾದೆಯಾಗಿಯೇ ಕೇಳಿದ, ಹೂಂ ಅಂದಿದ್ದರೆ ಪ್ಲೇಸಿನ ಇಪ್ಪತ್ತಕ್ಕೆ ಎಪ್ಪತ್ತು ಬರುತ್ತಿತ್ತು, ಕರಡಿಗೆ ಬಿಡಿಸಿಕೊಂಡು ಅವ್ವನಿಗೆ ಒಂದು ಸೀರೆಯನ್ನೂ ತರುತ್ತಿದ್ದೆ, ನಾನು ಈ ಬೋರಪ್ಪನ ಮುಖ ನೋಡಿ ನಕ್ಕು, ನಾನೇನು ಹೆಂಗಸಾ ಅಂದೆ, ಥೂ ನನ್ನ ಜನ್ಮಕ್ಕಿಷ್ಟು.

ಮಂದಗೆರೆಯಲ್ಲಿ ರೈಲು ನಿಂತಾಗ ಬೋರಪ್ಪ ಬಾಳೆಹಣ್ಣು ಕೊಳ್ಳಲು ಎಲೆಯಡಿಕೆ ಚೀಲ ಬಿಚ್ಚಿದ, ಒಳಗೆ ಹೊಸ ಹೊಸ ನೋಟು, ಯಾವುದಯ್ಯ ಇದು ಅಂದೆ, ಅದೇ ಕುದ್ರೆ ಕಣಯ್ಯ, ನಾನು ಈಚ್‌ವೇ ಕಟ್ಟಿದ್ದೆ, ಎಂಡ್ರು ಮಕ್ಳು ಇರೋನು, ಎಲ್ಲಾನೂ ವಿನ್ನಿಗೆ ಆಕಕ್ಕಾಯ್ತದಾ — ಬಾಳೆಹಣ್ಣಿನ ಬೆಲೆ ಹೇಳಿದ ಹಾಗೆ ಹೇಳಿಬಿಟ್ಟ, ಕಿವಿ ಕಾದು ಹೋಯಿತು, ಅವನ ಕುತ್ತಿಗೆ ಹಿಡಿಯಬೇಕು ಅನ್ನಿಸಿತು, ನಂಬಿಸಿ ಹಳ್ಳಕ್ಕೆ ತಳ್ಳಿದೆಯಲ್ಲೋ ಪಾಪಿ, ಬಾಯಿಗೆ ಬಂದದ್ದೆಲ್ಲ ಬೈದೆ, ಡಬ್ಬಿಯ ಜನವೆಲ್ಲ ತಿರುಗಿ ನೋಡಿದರು, ಅವನು ಹತ್ತು ರೂಪಾಯಿಯ ನಾಲ್ಕು ನೋಟು ಎಣಿಸಿ ಕೈ ಚಾಚಿದ, ತಗಾ, ಇಲ್ಲೇ ಇಳ್ದು ಮೈಸೂರಿಗೆ ವಾಪಸ್ ಓಗಿ ಅವ್ವಾರ ಕರಡಿಗೆ ಬುಡುಸ್ಕೊಂಬಾ, ನಿಂಗಾದಾಗ ಕೊಡೀವಂತೆ. ಮೊಣಕಾಲಿಗೆ ತಾಗುವಷ್ಟು ಹತ್ತಿರ, ಆ ಕೈ, ತಗೊಂಡಿದ್ದರೆ ಮುಗಿದು ಹೋಗುತ್ತಿತ್ತು. ನಾನು ಏನಂದೆ, ನಿನ್ನ ಎಂಗುಸ್ರಾಟದ ದುಡ್ಡು ನೀನೇ ಇಟ್ಕೊ ಅಂದೆ, ಬುಕ್ಕಿಯ ಮುಂದೆ ಆಡಿದ ಅದೇ ಬಾಯಿ, ಅದೇ ಜಂಬ, ಅವನು ಇನ್ನೊಂದು ಸಲ ಚಾಚಿದ, ಯೋಚ್ನೆ ಮಾಡು ರುದ್ರಯ್ಯ, ನಾನು ಮುಖ ತಿರುಗಿಸಿದೆ, ರೈಲು ಹೊರಟಿತು. ಈಗ ಹೊಳೆನರಸೀಪುರ, ಇಳಿದು ಚನ್ನರಾಯಪಟ್ಟಣದ ಬಸ್ಸು ಹಿಡಿಯಬೇಕು, ಹಾಸನಕ್ಕೆ ಹೋಗುವ ಬೋರಪ್ಪ ಕಣ್ಣು ಮುಚ್ಚಿ ಒರಗಿದ್ದಾನೆ, ಎಬ್ಬಿಸಿ ಕೇಳು, ಕೇಳಲಾರೆ, ಇಳಿ, ಅವ್ವನಿಗೆ ಏನು ಹೇಳುತ್ತೀ, ಏನು ಹೇಳಲಿ, ಕೈ, ಎರಡು ಸಲ ಚಾಚಿದ ಕೈ, ಅದರಲ್ಲಿ ನಾಲ್ಕು ನೋಟು, ಗಾಳಿಗೆ ಪಟಪಟ ಅನ್ನುತ್ತಿದ್ದವು, ಆ ಕೈ —